50ರ ಹುಟ್ಟುಹಬ್ಬಕ್ಕೆ ವೈನ್: ರೆಡ್ ಮೂರು, ಸಿಹಿ ಎರಡು ಸಾಕು

ಪ್ರಶ್ನೆ: ನಮ್ಮವರು ಹುಟ್ಟಿದ್ದು 1976ರ ನವೆಂಬರ್‌ನಲ್ಲಿ. ಈ ಸಲ 50 ತುಂಬುತ್ತೆ. ಹೋಟೆಲ್ ಬೇಡ, ಬೆಂಗಳೂರಿನ ಮನೆಯಲ್ಲೇ 8 ಜನ ಕೂತು ಒಳ್ಳೆಯ ರೆಡ್ ವೈನ್, ಆಮೇಲೆ ಡೆಸರ್ಟ್ ವೈನ್ ಸವಿಯೋಣ ಅಂತ ಆಸೆ. ನನ್ನ ತಮ್ಮ ಲಂಡನ್‌ನಿಂದ ಬರುತ್ತಿದ್ದಾನೆ. "ಅಕ್ಕಾ, 1976ರದ್ದೇ ಒಂದು ರೆಡ್ ತರಲಾ?" ಅಂತ ಕೇಳುತ್ತಿದ್ದಾನೆ. ತರಬಹುದಾ? ಸಿಹಿ ವೈನ್ ಅಂದರೆ ನನಗೆ ಕಾಲೇಜು ದಿನಗಳಲ್ಲಿ ಕುಡಿದ ಅಗ್ಗದ ಪೋರ್ಟ್ ಮಾತ್ರ ಗೊತ್ತು. ಇದಕ್ಕೆಲ್ಲ ಸಕ್ಕರೆ ಹಾಕುತ್ತಾರಾ? ಬರುವವರಲ್ಲಿ ನಾಲ್ಕು ಜನ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡಲಿ, ಕೇಕ್ ಯಾವಾಗ ಕತ್ತರಿಸಲಿ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ತಮ್ಮನ ಪ್ರಶ್ನೆ. ಅವರು ಅಲ್ಲಿಂದ ಹೊರಡುವ ಮುಂಚೆ ಇದು ಇತ್ಯರ್ಥ ಆಗಬೇಕಲ್ವಾ. 1976ರ ರೆಡ್ ತರುವುದು ಬೇಡ. ಆ ವರ್ಷದ್ದೇ ಒಂದು ಬಾಟಲಿ ಮೇಜಿನ ಮೇಲೆ ಇರಬೇಕು ಅನ್ನಿಸಿದರೆ 1976ರ ಸಿಹಿ ವೈನ್ ತರಲಿ. ನಿಮ್ಮ ಬಜೆಟ್ ಎಷ್ಟೇ ಇರಲಿ, ರೆಡ್‌ಗೆ ಸ್ವಲ್ಪ ಕೈ ಬಿಗಿ ಹಿಡಿಯಿರಿ, ಸಿಹಿಗೆ ಸಡಿಲ ಬಿಡಿ. ಸಾಮಾನ್ಯವಾಗಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ದುಡ್ಡೆಲ್ಲ ದೊಡ್ಡ ಹೆಸರಿನ ರೆಡ್‌ಗೆ ಸುರಿದು, ಕೊನೆಗೆ ಕೈಗೆ ಸಿಕ್ಕಿದ ಒಂದು ಸಿಹಿ ವೈನ್ ತಂದು ಇಡುತ್ತಾರೆ. ಆದರೆ ಹುಟ್ಟುಹಬ್ಬದ ರಾತ್ರಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಕೊನೆಯ ಗ್ಲಾಸನ್ನೇ.

1976ರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆ ಬೇಸಿಗೆ ಯೂರೋಪಿನಲ್ಲಿ ಭಾರಿ ಬಿಸಿಲು, ಬರ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ಬೇಗ ಹಣ್ಣಾಯಿತು. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಹಾಗಾಗಿ ಅಲ್ಲಿನ ಆ ವರ್ಷದ ರೆಡ್‌ಗಳು ಬಹುಪಾಲು ಮೆತ್ತಗೆ, ತೆಳ್ಳಗೆ ಆದವು. ಎಳೆಯದಾಗಿದ್ದಾಗ ಚೆನ್ನಾಗಿಯೇ ಇದ್ದವು, ಆದರೆ 50 ವರ್ಷ ಬಾಳುವ ಜಾತಿ ಅಲ್ಲ. ಕೆಲವು ದೊಡ್ಡ ಮನೆತನದ ಬಾಟಲಿಗಳು ಇನ್ನೂ ಜೀವ ಹಿಡಿದಿರಬಹುದು. ಆದರೆ ಅಷ್ಟು ಹಣ ಕೊಟ್ಟು, ಅದು ಐದು ದಶಕ ಯಾರ ಮನೆಯಲ್ಲಿ ಯಾವ ಸೆಕೆಯಲ್ಲಿ ಇತ್ತೋ ಗೊತ್ತಿಲ್ಲದೆ, 8 ಜನರ ಮುಂದೆ ಕಾರ್ಕ್ ಎಳೆದಾಗ ವಿನೆಗರ್ ವಾಸನೆ ಬಂದರೆ ಹಬ್ಬದ ಕಳೆಯೇ ಹೋಗುತ್ತೆ. ಹಳೆಯ ದೊಡ್ಡ ಹೆಸರುಗಳಲ್ಲಿ ನಕಲಿ ಬಾಟಲಿಗಳ ಕಾಟ ಬೇರೆ ಇದೆ.

ಅದೇ ಬಿಸಿಲು ಸಿಹಿ ವೈನ್‌ಗೆ ವರ ಆಯಿತು. ಬೋರ್ಡೋದ ದಕ್ಷಿಣಕ್ಕೆ ಸೊಟೆರ್ನ್ ಅಂತ ಒಂದು ಸಣ್ಣ ಸೀಮೆ ಇದೆ. 1976 ಅಲ್ಲಿ ಒಳ್ಳೆಯ ವರ್ಷ. ಜರ್ಮನಿಯ, ರೀಸ್ಲಿಂಗ್ ಅನ್ನುವ ಬಿಳಿ ದ್ರಾಕ್ಷಿಯ ಸಿಹಿ ವೈನ್‌ಗಳಿಗಂತೂ ಅದು ಹೆಸರಾದ ವರ್ಷ. ಸಿಹಿ ವೈನ್ ಇಷ್ಟು ದಿನ ಬಾಳುವುದಕ್ಕೆ ಕಾರಣ ಇದೆ. ರೆಡ್ ವೈನನ್ನು ಕಾಪಾಡುವುದು ಮುಖ್ಯವಾಗಿ ಅದರ ಒಗರು ಮತ್ತು ಹುಳಿ. ಆ ಒಗರು ವರ್ಷ ಕಳೆದಂತೆ ಒಂದಕ್ಕೊಂದು ಅಂಟಿ ಗಷ್ಟಾಗಿ ತಳಕ್ಕೆ ಇಳಿಯುತ್ತೆ, ಹಣ್ಣಿನ ರುಚಿಯೂ ಅದರ ಜೊತೆ ಕಂತುತ್ತೆ. ಸೊಟೆರ್ನ್‌ನಲ್ಲಿ ಹುಳಿಯ ಜೊತೆಗೆ ಸಕ್ಕರೆಯೂ ಕಾವಲಿಗೆ ನಿಲ್ಲುತ್ತೆ, ಒಂದು ಲೀಟರಿಗೆ 120ರಿಂದ 150 ಗ್ರಾಂ ಸಾಮಾನ್ಯ. ಬಣ್ಣ ಹೊನ್ನಿನಿಂದ ಕಂದಿಗೆ ತಿರುಗುತ್ತೆ, ರುಚಿ ಜೇನು, ಕಿತ್ತಳೆ ಸಿಪ್ಪೆ, ಕೇಸರಿಯ ಕಡೆ ಹೊರಳುತ್ತೆ, ಆದರೆ ಒಳ್ಳೆಯ ವರ್ಷದ್ದಾದರೆ ಸುಲಭಕ್ಕೆ ಸಾಯುವುದಿಲ್ಲ.

ಈಗ ಸಕ್ಕರೆ ಹಾಕುತ್ತಾರಾ ಅನ್ನುವ ಪ್ರಶ್ನೆ. ನೀವು ಕಾಲೇಜಿನಲ್ಲಿ ಕುಡಿದದ್ದು ಬೇರೆ ವಸ್ತು. ನಮ್ಮ ದೇಶದಲ್ಲಿ ಪೋರ್ಟ್ ಅಂತ ಮಾರುವ ಅಗ್ಗದ ಸಿಹಿ ವೈನ್‌ಗಳಲ್ಲಿ ನಮ್ಮ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಬಳಕೆ ಇದೆ. ತಿನ್ನುವುದಕ್ಕೆ, ಜ್ಯೂಸಿಗೆ ಅದು ಸೊಗಸಾದ ದ್ರಾಕ್ಷಿ, ಆದರೆ ನಾಜೂಕಾದ ವೈನ್ ಕೊಡುವ ತಳಿ ಅಲ್ಲ. ಅಂಥ ವೈನ್‌ಗಳಲ್ಲಿ ಸಿಹಿಯನ್ನು ಹೊರಗಿನಿಂದ ಸೇರಿಸುವುದೂ ಸಾಮಾನ್ಯ. ಸೊಟೆರ್ನ್‌ನ ಸಿಹಿ ದ್ರಾಕ್ಷಿಯದ್ದೇ. ಅದು ಹೇಗೆ ಬರುತ್ತೆ ಅಂದರೆ, ಅಲ್ಲಿ ಸಿರೋನ್ ಅನ್ನುವ ಸಣ್ಣ ತಣ್ಣನೆಯ ಹೊಳೆ ಬೆಚ್ಚಗಿನ ಗರೋನ್ ನದಿಯನ್ನು ಸೇರುತ್ತೆ. ಶರತ್ಕಾಲದ ಬೆಳಗುಗಳಲ್ಲಿ ಅಲ್ಲಿ ಮಂಜು ಏಳುತ್ತೆ, ಮಧ್ಯಾಹ್ನ ಬಿಸಿಲು ಬಂದು ಒಣಗಿಸುತ್ತೆ. ಈ ಒದ್ದೆ-ಒಣಗು ಆಟದಲ್ಲಿ ಬೋಟ್ರೈಟಿಸ್ ಸಿನೆರಿಯಾ ಅನ್ನುವ ಬೂಷ್ಟು ದ್ರಾಕ್ಷಿಗೆ ಹತ್ತುತ್ತೆ. ಬೇರೆ ಕಡೆ ಈ ಬೂಷ್ಟು ಬೆಳೆಯನ್ನೇ ಕೊಳೆಸುತ್ತೆ. ಇಲ್ಲಿ ಹಾಗಲ್ಲ, ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತೆ, ನೀರು ಆವಿಯಾಗುತ್ತೆ, ಸಕ್ಕರೆ, ಹುಳಿ, ಪರಿಮಳ ಎಲ್ಲ ಒಳಗೇ ಗಟ್ಟಿಯಾಗುತ್ತೆ. ಗೊಂಚಲು ಪೂರ್ತಿ ಒಂದೇ ದಿನ ಹೀಗೆ ಆಗುವುದಿಲ್ಲ. ಅದಕ್ಕೆ ಕೊಯ್ಯುವವರು ವಾರಗಟ್ಟಲೆ ಅದೇ ಸಾಲುಗಳಿಗೆ ಮತ್ತೆ ಮತ್ತೆ ಹೋಗಿ ಆದಷ್ಟೇ ಹಣ್ಣು ಕತ್ತರಿಸಿ ತರುತ್ತಾರೆ. ಅಲ್ಲಿನ ಹೆಸರಾಂತ ವೈನ್ ಎಸ್ಟೇಟ್ ಶಾತೋ ದಿಕೆಮ್‌ನಲ್ಲಿ ಒಂದು ಬಳ್ಳಿಗೆ ಒಂದು ಗ್ಲಾಸ್ ವೈನ್ ಅನ್ನುವ ಮಾತೇ ಇದೆ. 1855ರಲ್ಲಿ ಬೋರ್ಡೋದ ವೈನ್‌ಗಳನ್ನು ದರ್ಜೆಗೆ ಹಚ್ಚಿದಾಗ ಸೊಟೆರ್ನ್‌ನವುಗಳ ಪೈಕಿ ಅದೊಂದನ್ನೇ ಎಲ್ಲಕ್ಕಿಂತ ಮೇಲೆ ಪ್ರತ್ಯೇಕವಾಗಿ ಇಟ್ಟರು. ಹವಾಮಾನ ಕೈಕೊಟ್ಟ ವರ್ಷ ಅವರು ವೈನನ್ನೇ ಬಿಡುಗಡೆ ಮಾಡುವುದಿಲ್ಲ. 2012ರ ದಿಕೆಮ್ ಅನ್ನುವುದೇ ಇಲ್ಲ. ಇಷ್ಟು ಶ್ರಮ ಗೊತ್ತಿದ್ದರೆ ಆ ಪುಟ್ಟ ಬಾಟಲಿಯ ಬೆಲೆ ಯಾಕೆ ಹಾಗೆ ಅಂತ ಅರ್ಥ ಆಗುತ್ತೆ.

ನಿಮ್ಮ ತಮ್ಮ ದಿಕೆಮ್ ಹುಡುಕಲೇಬೇಕು ಅಂತಿಲ್ಲ, ಅದು ತುಂಬ ದುಬಾರಿ. ಲಂಡನ್‌ನಲ್ಲಿ ಹಳೆಯ ವೈನ್ ಮಾರುವ ನಂಬಿಗಸ್ತ ಅಂಗಡಿಗಳಿವೆ, ಹರಾಜುಗಳೂ ನಡೆಯುತ್ತವೆ. ಅಲ್ಲಿ ಶಾತೋ ಸುಡ್ಯುರೋ, ರಿಯೂಸೆಕ್, ಕೂತೆ, ಕ್ಲಿಮೆನ್ಸ್ ಇಂಥ ಹೆಸರುಗಳ 1976ರ ಬಾಟಲಿ ಕೇಳಲಿ. 375 ಎಂ.ಎಲ್.ನ ಅರ್ಧ ಬಾಟಲಿ ಸಿಕ್ಕರೆ 8 ಜನಕ್ಕೆ ತಲಾ 45 ಎಂ.ಎಲ್. ಬರುತ್ತೆ, ಸಿಹಿ ವೈನ್‌ಗೆ ಅದು ಧಾರಾಳ. ಕೈಗೆಟುಕುವ ಇನ್ನೊಂದು ದಾರಿ ಜರ್ಮನಿಯ ಮೋಸೆಲ್ ಕಣಿವೆಯ 1976ರ ಆಸ್‌ಲೇಸೆ, ಅಂದರೆ ಚೆನ್ನಾಗಿ ಮಾಗಿದ ಗೊಂಚಲು ಆರಿಸಿ ಮಾಡಿದ ಸಿಹಿ ರೀಸ್ಲಿಂಗ್. ಆ ವರ್ಷ ಹಣ್ಣು ಅಷ್ಟು ಚೆನ್ನಾಗಿ ಮಾಗಿದ್ದರಿಂದ ಇದು ಬೇಕಾದಷ್ಟು ತಯಾರಾಗಿತ್ತು, ಹಾಗಾಗಿ ಇವತ್ತಿಗೂ ಬೆಲೆ ಸೊಟೆರ್ನ್‌ನಷ್ಟು ಏರಿಲ್ಲ. ಆಲ್ಕೋಹಾಲ್ ಕಡಿಮೆ, ಹುಳಿ ಚುರುಕು. ವೈನ್ ಅಷ್ಟಾಗಿ ಕುಡಿಯದವರಿಗೂ ಹಿಡಿಸುತ್ತೆ. ಬಾಟಲಿ ಕೊಳ್ಳುವಾಗ ಎರಡು ವಿಷಯ ನೋಡಲಿ. ವೈನಿನ ಮಟ್ಟ ಕತ್ತಿನ ಹತ್ತಿರ ಇರಬೇಕು, ಹೆಗಲಿನ ಕೆಳಗೆ ಇಳಿದಿದ್ದರೆ ಬಿಟ್ಟುಬಿಡಲಿ. ಕಾರ್ಕಿನ ಸುತ್ತ ಸೋರಿದ ಅಂಟು ಗುರುತು ಇರಬಾರದು. ಬಣ್ಣ ಗಾಢ ಕಂದಾಗಿದೆ ಅಂತ ಹೆದರಬೇಡಿ, 1976ರ ಸೊಟೆರ್ನ್ ಹಾಗೇ ಇರುತ್ತೆ. 1976ರದ್ದು ಸಿಗಲೇ ಇಲ್ಲ ಅಂದರೆ 2001, 2009, 2011, 2015 ಇವೆಲ್ಲ ಸೊಟೆರ್ನ್‌ಗೆ ಒಳ್ಳೆಯ ವರ್ಷಗಳು, ಯಾವುದಾದರೂ ಆದೀತು.

ಎರಡನೇ ಸಿಹಿ ವೈನ್ ಆಗಿ ಪೋರ್ಚುಗಲ್ಲಿನ ನಿಜವಾದ ಪೋರ್ಟ್ ತರಿಸಿ. ನಿಮ್ಮ ಕಾಲೇಜಿನ ನೆನಪನ್ನು ಅಳಿಸುವುದಕ್ಕೆ ಅದೊಂದೇ ಸಾಕು. ಡೌರೊ ಕಣಿವೆಯಲ್ಲಿ ಇದನ್ನು ಮಾಡುತ್ತಾರೆ. ಆ ಸೀಮೆಗೆ 1756ರಲ್ಲೇ ಗಡಿ ಗುರುತು ಹಾಕಲಾಗಿತ್ತು. ದ್ರಾಕ್ಷಿ ರಸ ಹುದುಗುತ್ತಿರುವಾಗ, ಸಕ್ಕರೆ ಇನ್ನೂ ಅರ್ಧದಷ್ಟು ಉಳಿದಿರುವಾಗಲೇ, 77 ಶೇಕಡಾ ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಹುದುಗುವುದು ನಿಲ್ಲುತ್ತೆ, ದ್ರಾಕ್ಷಿಯ ಸಿಹಿ ಹಾಗೇ ಉಳಿಯುತ್ತೆ, ವೈನ್ 20 ಶೇಕಡಾದ ಆಸುಪಾಸಿಗೆ ಬರುತ್ತೆ. ಇದರಲ್ಲಿ ಹಲವು ಬಗೆ. ರೂಬಿ ಎಳೆಯದು. ವಿಂಟೇಜ್ ಒಳ್ಳೆಯ ವರ್ಷದಲ್ಲಿ ಮಾತ್ರ ಮಾಡುವುದು, ಎರಡು ಮೂರು ವರ್ಷಕ್ಕೇ ಬಾಟಲಿಗೆ ತುಂಬಿ ದಶಕಗಟ್ಟಲೆ ಮಲಗಿಸುವುದು. ಟಾನಿ ಅಂದರೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಕೆಂಪು ಬಣ್ಣ ಕಳೆದುಕೊಂಡು ಕಂದಾದದ್ದು. ನಿಮಗೆ ನಾನು ಹೇಳುವುದು 20 ವರ್ಷದ ಟಾನಿ. ಆ 20 ಅನ್ನುವುದು ಒಂದು ವರ್ಷದ ಲೆಕ್ಕ ಅಲ್ಲ, ಬೇರೆ ಬೇರೆ ವಯಸ್ಸಿನ ಪೀಪಾಯಿಗಳನ್ನು ಬೆರೆಸಿ ಆ ಹದಕ್ಕೆ ತಂದಿರುತ್ತಾರೆ. ಬಾದಾಮಿ, ಗೋಡಂಬಿ, ಒಣ ಅಂಜೂರ, ಬೆಲ್ಲದ ಸುಟ್ಟ ಪರಿಮಳ, ಇವೆಲ್ಲ ನಮ್ಮ ಮೂಗಿಗೆ ತಕ್ಷಣ ಸಿಗುತ್ತವೆ. ಪೀಪಾಯಿಯಲ್ಲೇ ಹಳತಾಗಿರುವುದರಿಂದ ಬಾಟಲಿಯಲ್ಲಿ ಗಷ್ಟು ಇರುವುದಿಲ್ಲ, ತೆರೆದು ನೇರ ಸುರಿಯಬಹುದು. ಒಂದೇ ವರ್ಷದ ಟಾನಿಯೂ ಉಂಟು, ಅದಕ್ಕೆ ಕುಲ್ಯೇಟಾ ಅನ್ನುತ್ತಾರೆ, ಹುಟ್ಟಿದ ವರ್ಷ ಹುಡುಕುವವರಿಗೆ ಅದು ಚಿನ್ನದಂಥ ದಾರಿ. ಸೊಟೆರ್ನ್ ಸಿಗದೆ 1976ರ ಕುಲ್ಯೇಟಾ ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಲಿ.

ಇಲ್ಲಿಗೆ ಬರುವ ಪ್ರಯಾಣಿಕರು ಒಬ್ಬರು 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಒಂದು ಬೋರ್ಡೋ ರೆಡ್ (1976ರದ್ದಲ್ಲ, ಯಾವುದು ಅಂತ ಮುಂದೆ ಹೇಳುತ್ತೇನೆ) 750, ಒಂದು ಟಾನಿ 750, ಅರ್ಧ ಬಾಟಲಿ ಸೊಟೆರ್ನ್ 375, ಸೇರಿಸಿದರೆ 1875 ಎಂ.ಎಲ್. ಲೆಕ್ಕ ಸರಿಹೋಯಿತು. ಚೆಕ್-ಇನ್ ಸಾಮಾನಿನಲ್ಲಿ, ಬಟ್ಟೆಗಳ ನಡುವೆ, ಒಂದೊಂದನ್ನೂ ಪ್ರತ್ಯೇಕ ಸುತ್ತಿ ತರಲಿ. ಹಳೆಯ ಬಾಟಲಿ ವಿಮಾನದಲ್ಲಿ ಕುಲುಕಾಡಿ ಬಂದಿರುತ್ತೆ. ಸಾಧ್ಯವಾದರೆ ಒಂದು ವಾರ ಮುಂಚೆ ಬರಲಿ, ಬಾಟಲಿಗಳು ತಣ್ಣಗೆ ಕತ್ತಲಲ್ಲಿ ವಿಶ್ರಾಂತಿ ಪಡೆಯಲಿ.

ಈಗ ರೆಡ್. ಇಲ್ಲಿ ನನಗೊಂದು ಆಸೆ ಇದೆ, ಅದನ್ನು ನಿಮ್ಮ ಮೇಲೆ ಹೇರುತ್ತಿದ್ದೇನೆ ಅಂದುಕೊಂಡರೂ ಪರವಾಗಿಲ್ಲ. ನಿಮ್ಮವರು ಹುಟ್ಟಿದ ವರ್ಷವೇ, 1976ರ ಮೇ 24ರಂದು, ವೈನ್ ಲೋಕವನ್ನೇ ಅಲುಗಾಡಿಸಿದ ಒಂದು ಸವಿಯುವಿಕೆ ಪ್ಯಾರಿಸ್‌ನಲ್ಲಿ ನಡೆಯಿತು. ಅಲ್ಲಿ ವೈನ್ ಅಂಗಡಿ ಇಟ್ಟಿದ್ದ ಸ್ಟೀವನ್ ಸ್ಪರಿಯರ್ ಅನ್ನುವ ಇಂಗ್ಲಿಷರು, ತಮ್ಮ ಸಹೋದ್ಯೋಗಿ ಪೆಟ್ರೀಷಿಯಾ ಗ್ಯಾಲಘರ್ ಜೊತೆ ಸೇರಿ, ಕ್ಯಾಲಿಫೋರ್ನಿಯಾದ ವೈನ್‌ಗಳನ್ನೂ ಫ್ರಾನ್ಸಿನ ಘಟಾನುಘಟಿಗಳನ್ನೂ ಲೇಬಲ್ ಮುಚ್ಚಿ ಒಂದೇ ಸಾಲಿನಲ್ಲಿ ಇಟ್ಟರು. ಯಾರ ಅಂಕ ಲೆಕ್ಕಕ್ಕೆ ಬಂತೋ ಆ 9 ಜನರೂ ಫ್ರೆಂಚರೇ. ರೆಡ್‌ನಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲರ್ಸ್‌ನ 1973ರ ಕ್ಯಾಬರ್ನೆ ಸೊವಿನ್ಯೋ, ಅದೇ ಹೆಸರಿನ ಕಪ್ಪು ದ್ರಾಕ್ಷಿಯ ವೈನ್. 1970ರ ಮೂತೋ ರಾಥ್‌ಶಿಲ್ಡ್ ಎರಡನೆಯದು, ಮೋಂತ್ರೋಜ್ ಮೂರನೆಯದು, ಓ ಬ್ರಿಯೋಂ ನಾಲ್ಕನೆಯದು. ಬಿಳಿ ವೈನ್‌ನಲ್ಲೂ ಕ್ಯಾಲಿಫೋರ್ನಿಯಾದ ಶಾತೋ ಮಾಂಟೆಲೀನಾ ಗೆದ್ದಿತು. ಇವು ಕ್ಯಾಲಿಫೋರ್ನಿಯಾದವೆಂದು ಲೇಬಲ್ ಕಂಡಿದ್ದರೆ ಆ ತೀರ್ಪು ಹಾಗೆ ಬರುತ್ತಲೇ ಇರಲಿಲ್ಲ ಅನ್ನುವುದು ನನ್ನ ನಂಬಿಕೆ. 2006ರಲ್ಲಿ, 30 ವರ್ಷ ಕಳೆದ ಮೇಲೆ, ಅವೇ ರೆಡ್‌ಗಳನ್ನು ಮತ್ತೆ ಸವಿದರು. ಆಗಲೂ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ್ದೇ, ರಿಜ್ ಮಾಂಟೆ ಬೆಲ್ಲೋ.

ನಿಮ್ಮ ಮನೆಯಲ್ಲೂ ಅದನ್ನೇ ಸಣ್ಣದಾಗಿ ಮಾಡಿ. 50ರ ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ತೋಚುವುದಿಲ್ಲ. ಮೂರು ರೆಡ್ ಸಾಕು, ಮೂರೂ ಕ್ಯಾಬರ್ನೆ ಮುಖ್ಯವಾಗಿರುವವು. ಒಂದು ಬೋರ್ಡೋ, ಒಂದು ಕ್ಯಾಲಿಫೋರ್ನಿಯಾ, ಒಂದು ನಮ್ಮ ಕರ್ನಾಟಕದ್ದು.

ಬೋರ್ಡೋಗೆ ಗರೋನ್ ಮತ್ತು ಜಿರೋಂದ್‌ನ ಎಡದಂಡೆಯ ಪೋಯಾಕ್, ಸೇಂಟ್ ಜೂಲಿಯೆನ್, ಸೇಂಟ್ ಎಸ್ತೆಫ್ ಕಡೆಯದು ನೋಡಲಿ, ಅಲ್ಲಿ ಕ್ಯಾಬರ್ನೆ ಜಾಸ್ತಿ. ಬಲದಂಡೆಯ ಪೊಮರೋಲ್, ಸೇಂಟ್ ಎಮಿಲಿಯೋನಲ್ಲಿ ಮೆರ್ಲೋ ಜಾಸ್ತಿ, ಅದು ಈ ಆಟಕ್ಕೆ ಹೊಂದುವುದಿಲ್ಲ. ವರ್ಷ 2009 ಅಥವಾ 2014 ಆದರೆ ಈಗ ಕುಡಿಯುವುದಕ್ಕೆ ಹದವಾಗಿರುತ್ತೆ. 2010, 2016 ಬಹಳ ಒಳ್ಳೆಯ ವರ್ಷಗಳೇ, ಆದರೆ ದೊಡ್ಡ ಶಾತೋಗಳದ್ದಾದರೆ ಇನ್ನೂ ಬಿಗಿಯಾಗಿರುತ್ತವೆ. ಮೊದಲ ದರ್ಜೆಯ ಐದು ಹೆಸರುಗಳ ಹಿಂದೆ ಹೋಗಬೇಡಿ. 1855ರ ಪಟ್ಟಿಯಲ್ಲಿ ಐದು ದರ್ಜೆ ಇವೆ, ನಾಲ್ಕು ಐದನೆಯ ದರ್ಜೆಯಲ್ಲಿ ಸೊಗಸಾದ ವೈನ್ ಎಷ್ಟೋ ಇವೆ. ಕ್ಯಾಲಿಫೋರ್ನಿಯಾದ್ದು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತೆ, ಬೆಲೆ ಮಾತ್ರ ಆಮದು ಸುಂಕ ಸೇರಿ ಏರಿರುತ್ತೆ. ಮಧ್ಯಮ ಬೆಲೆಯದ್ದೇ ಸಾಕು. ಕರ್ನಾಟಕದ್ದಕ್ಕೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದ ಲಾ ರಿಸರ್ವ್ ಇದೆ, ಕ್ಯಾಬರ್ನೆ ಮತ್ತು ಶಿರಾಜ್ ಬೆರಕೆ. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂಡ್ ವರ್ಷಗಟ್ಟಲೆ ಸಲಹೆ ಕೊಟ್ಟ ವೈನರಿ ಅದು. ಬರೀ ಕ್ಯಾಬರ್ನೆಯೇ ಬೇಕು ಅಂದರೆ ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್‌ನ ಕರಿಸ್ಮಾ ಎಸ್ಟೇಟ್ಸ್‌ನ ಕ್ಯಾಬರ್ನೆ ಸೊವಿನ್ಯೋ. ಇದನ್ನು ಸಾಲಿನಲ್ಲಿ ಸುಮ್ನೆ ಅಭಿಮಾನಕ್ಕೆ ಇಡಿ ಅಂತ ಹೇಳುತ್ತಿಲ್ಲ. ಲೇಬಲ್ ಮುಚ್ಚಿ ಇಟ್ಟಾಗ ನಮ್ಮದು ಮೇಲೆ ಬರುವುದನ್ನು ನಾನು ನೋಡಿದ್ದೇನೆ, ಕೆಳಗೆ ಬರುವುದನ್ನೂ ನೋಡಿದ್ದೇನೆ, ಎರಡೂ ಸಂದರ್ಭದಲ್ಲಿ ಮಾತು ಮಾತ್ರ ರಂಗೇರುತ್ತೆ.

ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಾಟಲಿಯ ಕತ್ತಿಗಿರುವ ಬಣ್ಣದ ಫಾಯಿಲ್ ಪೂರ್ತಿ ತೆಗೆದುಬಿಡಿ, ಇಲ್ಲದಿದ್ದರೆ ಬಣ್ಣದಲ್ಲೇ ಗುಟ್ಟು ರಟ್ಟಾಗುತ್ತೆ. ಸುತ್ತುವವರು ಒಬ್ಬರು, 1, 2, 3 ಅಂತ ಬರೆಯುವವರು ಇನ್ನೊಬ್ಬರು ಆದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. 8 ಜನಕ್ಕೆ ಮೂರು ಗ್ಲಾಸ್ ಅಂದರೆ 24 ಬೇಕು, ಮೂರನ್ನೂ ಒಟ್ಟಿಗೆ ಮುಂದಿಟ್ಟುಕೊಂಡರೇ ಹೋಲಿಸಿ ನೋಡುವುದಕ್ಕೆ ಆಗುವುದು. ಪಾರ್ಟಿ ಸಾಮಾನು ಬಾಡಿಗೆಗೆ ಕೊಡುವವರ ಹತ್ತಿರ ಒಂದೇ ಆಕಾರದ ಗ್ಲಾಸ್ ತನ್ನಿ. ತಂದ ಮೇಲೆ ಬರೀ ಬಿಸಿನೀರಿನಲ್ಲಿ ಮತ್ತೆ ತೊಳೆಯಿರಿ, ಸೋಪಿನ ವಾಸನೆ ಗ್ಲಾಸಿನಲ್ಲಿ ಉಳಿದಿರುತ್ತೆ. ಒಬ್ಬರಿಗೆ 60 ಎಂ.ಎಲ್. ಸುರಿಯಿರಿ. ಬಾಟಲಿಗೆ 480 ಖರ್ಚಾಗಿ, 270 ಊಟದ ಜೊತೆಗೆ ಉಳಿಯುತ್ತೆ.

ಮೊದಲ ಐದು ಹತ್ತು ನಿಮಿಷ ಯಾರೂ ಮಾತಾಡಬಾರದು. ಇದೊಂದು ನಿಯಮ ಬಿಗಿಯಾಗಿ ಪಾಲಿಸಿ. ಗಟ್ಟಿ ದನಿಯ ಒಬ್ಬರು "ಎರಡನೇದು ಫ್ರೆಂಚ್, ಗ್ಯಾರಂಟಿ" ಅಂದುಬಿಟ್ಟರೆ ಉಳಿದ ಏಳು ನಾಲಿಗೆಗಳೂ ಅದನ್ನೇ ಹೇಳುತ್ತವೆ. ಚೀಟಿಯಲ್ಲಿ ಬರೆದು ಆಮೇಲೆ ಬಾಯಿ ಬಿಡಲಿ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚು ನೋಡಿ. ಹಳೆಯದಾದಷ್ಟೂ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ತಿರುಗಿಸಿ ಮೂಸಿ, ಒಂದು ಗುಟುಕು ಬಾಯಿ ತುಂಬ ಆಡಿಸಿ. ವಸಡಿನ ಮೇಲೆ ಒಗರು ಹೇಗೆ ಕೂರುತ್ತೆ, ಒರಟಾಗಿಯೋ ನಯವಾಗಿಯೋ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತೆ, ಇಷ್ಟು ಗಮನಿಸಿದರೆ ಸಾಕು. ವೈನ್ ಪುಸ್ತಕಗಳ ಬ್ಲ್ಯಾಕ್‌ಕರಂಟ್, ಸೀಡರ್ ಇವನ್ನೆಲ್ಲ ಹುಡುಕುತ್ತ ಒದ್ದಾಡಬೇಡಿ. ನಮ್ಮ ನೇರಳೆ ಹಣ್ಣು, ಒಣದ್ರಾಕ್ಷಿ, ಲವಂಗ, ಹೊಗೆಸೊಪ್ಪು, ಹೊಸದಾಗಿ ಚೂಪು ಮಾಡಿದ ಪೆನ್ಸಿಲ್, ಇವೇ ಸಾಕು, ಇವೇ ನಿಜ. ಬೋರ್ಡೋದಲ್ಲಿ ಆ ಪೆನ್ಸಿಲ್ ಮತ್ತು ಒಂದು ಚೂರು ದೊಣ್ಣೆ ಮೆಣಸಿನಕಾಯಿ ಸಿಗಬಹುದು. ಕ್ಯಾಲಿಫೋರ್ನಿಯಾದ್ದು ಹೆಚ್ಚು ಮಾಗಿದ ಹಣ್ಣು, ವೆನಿಲಾ, ಗಂಟಲಲ್ಲಿ ಸ್ವಲ್ಪ ಬಿಸಿ. ಲಾ ರಿಸರ್ವ್‌ನಲ್ಲಿ ಶಿರಾಜ್ ಇರುವುದರಿಂದ ಕಾಳುಮೆಣಸು ಸುಳಿಯಬಹುದು. ಅದು ಬರೀ ಕಲ್ಪನೆ ಅಲ್ಲ. ಶಿರಾಜ್‌ನ ಆ ವಾಸನೆಗೆ ಕಾರಣ ರೊಟಂಡೋನ್ ಅನ್ನುವ ಅಂಶ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು, ನಮ್ಮ ಮಲೆನಾಡಿನ ಕಾಳುಮೆಣಸಿನಲ್ಲಿ ಇರುವುದೂ ಅದೇ. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ನಿಮ್ಮ 8 ಜನರಲ್ಲೂ ಅಂಥವರು ಇರಬಹುದು, ವಾದ ಮಾಡಬೇಡಿ.

ವಾಸನೆಯ ಮಾತು ಬಂದಾಗ ಇನ್ನೊಂದು. ಹುಟ್ಟುಹಬ್ಬ ಅಂದ ಮೇಲೆ ಮನೆಯಲ್ಲಿ ದೇವರ ದೀಪ, ಊದುಬತ್ತಿ, ಮಲ್ಲಿಗೆ ಹೂವು ಇರುತ್ತೆ. ಪೂಜೆ ಬೆಳಗ್ಗೆ ಮುಗಿಸಿಕೊಳ್ಳಿ. ವೈನ್ ಇಡುವ ಕೋಣೆಯಲ್ಲಿ ಸಂಜೆ ಊದುಬತ್ತಿ ಬೇಡ, ಮಲ್ಲಿಗೆ ಮುಡಿದವರು ಒಂದು ಗಂಟೆ ತೆಗೆದಿಡಲಿ, ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿಬಿಡಿ. ಒಗ್ಗರಣೆ ಕೆಲಸ ಎಲ್ಲ ಮುಂಚೆ ಮುಗಿದಿರಬೇಕು. ಇಂಗು, ಬೆಳ್ಳುಳ್ಳಿ ಗಾಳಿಯಲ್ಲಿದ್ದರೆ ಎಷ್ಟು ದುಬಾರಿ ವೈನ್ ಆದರೂ ಅದರ ಪರಿಮಳ ಎದ್ದು ಬರುವುದಿಲ್ಲ.

ತಾಪಮಾನದ ಬಗ್ಗೆ ಚಿಕ್ಕದಾಗಿ. ರೆಡ್ ವೈನನ್ನು ಕೋಣೆಯ ತಾಪಕ್ಕೆ ಕುಡಿಯಬೇಕು ಅನ್ನುವ ಮಾತು ಯೂರೋಪಿನ ತಣ್ಣನೆ ಮನೆಗಳದ್ದು. ನಿಮಗೆ ಬೇಕಾದ್ದು 16ರಿಂದ 18 ಡಿಗ್ರಿ. ನವೆಂಬರ್‌ನಲ್ಲೂ ಬೆಂಗಳೂರಿನ ಮನೆಯೊಳಗೆ, ಅದೂ 8 ಜನ ಕೂತ ಹಾಲ್‌ನಲ್ಲಿ, ಅದಕ್ಕಿಂತ ಬಿಸಿ ಇರುತ್ತೆ. 20 ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಸೊಟೆರ್ನ್ 10 ಡಿಗ್ರಿ ಸುತ್ತ, ಟಾನಿ 13ರ ಸುತ್ತ. ಬೋರ್ಡೋ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕೆ ಕೂರಲಿ. ಒಂದು ಗಂಟೆ ಮುಂಚೆ ಜಗ್‌ಗೆ ನಿಧಾನಕ್ಕೆ ಬಗ್ಗಿಸಿ, ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಕಪ್ಪು ಕಂಡ ತಕ್ಷಣ ನಿಲ್ಲಿಸಿ. ಹಾಗೆ ಮಾಡಿದರೆ ಬಾಟಲಿ ತೊಳೆದು ಅದೇ ವೈನ್ ವಾಪಸ್ ಹಾಕಿ ಪೇಪರ್ ಸುತ್ತಬಹುದು. 1976ರದ್ದನ್ನು ಮಾತ್ರ ಮುಂಚೆ ತೆರೆಯಬೇಡಿ, ಕುಡಿಯುವ ಹೊತ್ತಿಗೇ ತೆಗೆಯಿರಿ. ಕಾರ್ಕ್ ಮೆತ್ತಗಾಗಿ ಪುಡಿಯಾಗಬಹುದು, ಒಂದು ಸಣ್ಣ ಸ್ಟೀಲ್ ಜಾಲರಿ ಹತ್ತಿರ ಇಟ್ಟುಕೊಳ್ಳಿ. ಯಾವುದೇ ಬಾಟಲಿಯಲ್ಲಿ ನೆನೆದ ರಟ್ಟಿನ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ ಅಂತ ಅರ್ಥ. ಗಾಳಿಗಿಟ್ಟರೆ ಸರಿಹೋಗುವುದಿಲ್ಲ. ಅದಕ್ಕೇ ಇಲ್ಲಿ ಕೊಳ್ಳುವ ಎರಡು ರೆಡ್‌ಗಳಲ್ಲಿ ಒಂದೊಂದು ಹೆಚ್ಚುವರಿ ಬಾಟಲಿ ಇಟ್ಟುಕೊಳ್ಳಿ.

ಊಟ. ಕ್ಯಾಬರ್ನೆಗೆ ನಮ್ಮ ಅಡುಗೆಯಲ್ಲಿ ಇಬ್ಬರು ಶತ್ರುಗಳು, ಹಸಿಮೆಣಸಿನ ಖಾರ ಮತ್ತು ಹುಣಸೆಹಣ್ಣು. ಖಾರ ಬಾಯಲ್ಲಿದ್ದರೆ ಆಲ್ಕೋಹಾಲ್ ಉರಿಯುತ್ತೆ, ಒಗರು ಕಹಿಯಾಗುತ್ತೆ. ಹುಳಿ ಜಾಸ್ತಿ ಇದ್ದರೆ ವೈನ್ ಸಪ್ಪೆ ಅನ್ನಿಸುತ್ತೆ. ಸಾಂಬಾರು, ಸಾರು, ಉಪ್ಪಿನಕಾಯಿ ಮೂರನ್ನೂ ಅವತ್ತು ಬಿಡಿ. ಜಿಡ್ಡು ಮತ್ತು ಉಪ್ಪು ಒಗರನ್ನು ಮೆತ್ತಗೆ ಮಾಡುತ್ತವೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆಗೆ ಕಾಳುಮೆಣಸು, ಅಥವಾ ಕಡಲೆಬೀಜ-ಎಳ್ಳು ಅರೆದು ಹಾಕಿದ ಬದನೆಕಾಯಿ ಎಣ್ಣೆಗಾಯಿ. ಎಣ್ಣೆಗಾಯಿಗೆ ಬ್ಯಾಡಗಿ ಮೆಣಸಿನಕಾಯಿ ಮಾತ್ರ ಹಾಕಿ, ಬಣ್ಣ ಬರುತ್ತೆ, ಖಾರ ಕಡಿಮೆ. ಹುಣಸೆ ಹೆಸರಿಗಷ್ಟೇ. ಮಾಂಸ ತಿನ್ನುವವರಿಗೆ ಕಾಳುಮೆಣಸಿನ ಮಟನ್ ಚಾಪ್ಸ್‌ಗಿಂತ ಬೇರೆ ಬೇಡ. ರೆಡ್ ಸವಿಯುವಾಗ ನಡುನಡುವೆ ನಾಲಿಗೆ ತೊಳೆಯುವುದಕ್ಕೆ ಬಿಸ್ಕತ್ತು, ಬ್ರೆಡ್ಡಿಗಿಂತ ಜೋಳದ ರೊಟ್ಟಿಯ ತುಂಡು ಎಷ್ಟೋ ವಾಸಿ. ಉಪ್ಪಿಲ್ಲ, ಸಿಹಿಯಿಲ್ಲ, ಎಣ್ಣೆಯಿಲ್ಲ.

ಕೇಕ್ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ರೆಡ್ ಸುರಿದ ಮೇಲೆ ಕೇಕ್ ಬಂದರೆ ಎಲ್ಲ ಕೆಟ್ಟಿತು, ಐಸಿಂಗ್ ತಿಂದ ಬಾಯಿಗೆ ಒಳ್ಳೆಯ ಬೋರ್ಡೋ ಬರೀ ಹುಳಿ ಒಗರು. ಮಕ್ಕಳಿದ್ದರೆ ಸಂಜೆ ಆರಕ್ಕೇ ಕತ್ತರಿಸಿ ಮುಗಿಸಿ, ದೊಡ್ಡವರು ತಮ್ಮ ಪಾಲು ಎತ್ತಿಟ್ಟು ಆಮೇಲೆ ತಿನ್ನಲಿ. ದೊಡ್ಡವರೇ ಇದ್ದರೆ ರೆಡ್, ಊಟ ಎಲ್ಲ ಮುಗಿದ ಮೇಲೆ, ಟಾನಿ ಸುರಿಯುವಾಗ ಕತ್ತರಿಸಿ.

ಸಿಹಿ ವೈನ್‌ಗೆ ನಿಯಮ ಒಂದೇ. ತಟ್ಟೆಯ ಸಿಹಿ ಗ್ಲಾಸಿನ ಸಿಹಿಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ವೈನ್ ನೀರಾದ ನಿಂಬೆರಸ. ಜಾಮೂನು, ಜಿಲೇಬಿ ಇದೇ ಕಾರಣಕ್ಕೆ ಬೇಡ. ಮೊದಲು ಸೊಟೆರ್ನ್, ಆಮೇಲೆ ಟಾನಿ. 1976ರದ್ದು ಬಂದಿದ್ದರೆ ಮೊದಲ ಗುಟುಕು ಏನೂ ತಿನ್ನದೆ ಕುಡಿಯಿರಿ, ಅಷ್ಟು ಮರ್ಯಾದೆ ಅದಕ್ಕೆ ಸಲ್ಲಬೇಕು. ಆಮೇಲೆ ಅನಾನಸ್ ಕೇಸರಿಬಾತ್, ಸಕ್ಕರೆ ಅರ್ಧಕ್ಕೆ ಇಳಿಸಿ, ತುಪ್ಪ ಮಾಮೂಲಿ, ಕೇಸರಿ ಎಸಳು ನಿಜವಾದದ್ದು. ಸೊಟೆರ್ನ್‌ನಲ್ಲೂ ಅನಾನಸ್ ಇದೆ, ಕೇಸರಿ ಇದೆ, ಎರಡೂ ಬಾಯಲ್ಲಿ ಕೂಡಿಕೊಂಡಾಗ ನಿಮಗೇ ಆಶ್ಚರ್ಯ ಆಗುತ್ತೆ. ಫ್ರೆಂಚರು ಇದನ್ನು ಉಪ್ಪುಪ್ಪಾದ ನೀಲಿ ಚೀಸ್ ರೋಕ್‌ಫೋರ್ ಜೊತೆ ತಿನ್ನುತ್ತಾರೆ. ಸಿಕ್ಕರೆ ಒಂದು ಚೂರು ಅದನ್ನೂ ಇಡಿ, ಕೆಲವರಿಗೆ ಅದೇ ಹೆಚ್ಚು ಹಿಡಿಸುತ್ತೆ. ಟಾನಿಗೆ ಗೋಕಾಕದ ಕರದಂಟು. ಬೆಲ್ಲ, ಅಂಟು, ಗೋಡಂಬಿ, ಒಣಹಣ್ಣು, ಅಷ್ಟೂ ಟಾನಿಯ ಒಳಗೆ ಇರುವ ರುಚಿಗಳೇ. ಸಣ್ಣದಾಗಿ ಕತ್ತರಿಸಿ ಇಡಿ. ಧಾರವಾಡ ಪೇಡವೂ ಒಗ್ಗುತ್ತೆ, ಮೇಲಿನ ಸಕ್ಕರೆ ಪುಡಿ ಉದುರಿಸಿಕೊಂಡು. ಕೇಕ್ ಚಾಕೊಲೇಟ್‌ದಾದರೆ ಕಹಿ ಮುಂದಿರುವ ಡಾರ್ಕ್ ಮಾಡಿಸಿ, ಟಾನಿಗೆ ಅದೂ ಸರಿ. ಶುಗರ್ ಇರುವವರು ಬರುತ್ತಿದ್ದರೆ ಒಂದು ಲೆಕ್ಕ ಇಟ್ಟುಕೊಳ್ಳಿ, 45 ಎಂ.ಎಲ್. ಸೊಟೆರ್ನ್‌ನಲ್ಲಿ ಸುಮಾರು 6 ಗ್ರಾಂ ಸಕ್ಕರೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ.

ತಮ್ಮನ ಕೈಯಲ್ಲಿ ಏನೂ ತರುವುದಕ್ಕೆ ಆಗಲಿಲ್ಲ ಅಂದರೂ ಹಬ್ಬ ನಿಲ್ಲುವುದಿಲ್ಲ. ನಾಸಿಕ್‌ನ ಸುಲಾ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಚೆನ್ನಾಗಿ ತಣ್ಣಗೆ ಮಾಡಿ ಅದೇ ಕೇಸರಿಬಾತ್ ಜೊತೆ ಕೊಡಿ. ಸೊಟೆರ್ನ್‌ನ ಆಳ ಅದರಲ್ಲಿ ಇಲ್ಲ, ಆದರೆ ಹಣ್ಣು ಶುಚಿಯಾಗಿದೆ, ಸಿಹಿ ಅತಿಯಾಗಿಲ್ಲ.

ಒಬ್ಬೊಬ್ಬರ ಪಾಲು ರೆಡ್ 180, ಸಿಹಿ 90 ಎಂ.ಎಲ್., ಊಟದ ಜೊತೆ ಮತ್ತಷ್ಟು. ಯಾರೂ ಗಾಡಿ ಓಡಿಸಿಕೊಂಡು ಹೋಗಬಾರದು, ಕ್ಯಾಬ್ ಮೊದಲೇ ಹೇಳಿಡಿ. ಪಕ್ಕದಲ್ಲಿ ಒಂದು ಚೊಂಬು ಇಟ್ಟರೆ ಸವಿದು ಉಗುಳುವವರು ಉಗುಳಬಹುದು, ಅದರಲ್ಲಿ ಸಂಕೋಚ ಏನೂ ಇಲ್ಲ. ಉಳಿದ ರೆಡ್‌ಗೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಬರುತ್ತೆ. ಹೊಸ ಸೊಟೆರ್ನ್ ಆದರೆ ಒಂದು ವಾರ, ಟಾನಿ ಕೆಲವು ವಾರ ಆರಾಮಾಗಿ ಇರುತ್ತೆ, ದಿನಾ ಊಟ ಆದ ಮೇಲೆ ಇಬ್ಬರೂ ಒಂದೊಂದು ಗುಟುಕು ಕುಡಿಯಬಹುದು. 1976ರದ್ದನ್ನು ಮಾತ್ರ ನಾಳೆಗೆ ಇಡಬೇಡಿ, ಅವತ್ತು ರಾತ್ರಿಯೇ ಮುಗಿಸಿ.